ಬೇಕಾದವರ ಕೋಳಿ

ಸಾತನೂರಿನ ಬ್ರಾಯ್ಲರ್ ಫಾರಂ ಮರಿಲಿಂಗಯ್ಯನ ಕೋಳಿಗಳು ಮರಿಯಿದ್ದಾಗಿನಿಂದ ಆಂಟಿಬಯಾಟಿಕ್ ಬೆರೆಸಿದ ನೀರನ್ನೇ ಕುಡಿಯುತ್ತವೆ. ಯಾಕೆಂದು ಕೇಳಿದರೆ, "ಒಂದ್ ಕೋಳಿಗೆ ಸೀತ ಆದ್ರೆ ಇಡೀ ಶೆಡ್ಡೇ ಮಲಿಕ್ಕಬುಡ್ತದೆ ಸಾರ್" ಎನ್ನುತ್ತಾನೆ. ಮಾಂಸದಲ್ಲಿ ಔಷಧಿ ಉಳಿದಿದೆಯೇ ಎಂದು ಪರೀಕ್ಷಿಸಲು ಬಂದ ಅಧಿಕಾರಿಗೆ ಹಿತ್ತಲಲ್ಲಿ ಸಾಕಿದ ನಾಟಿ ಕೋಳಿಯ ಲಿವರನ್ನೇ ಫಾರಂ ಕೋಳಿಯದೆಂದು ಕೊಟ್ಟು ಕಳಿಸಿ, ಆಮೇಲೆ ಬಂದ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿದ್ದಾನೆ. ಮನೆಯವರು ತಿನ್ನುವುದೂ ಆ ನಾಟಿ ಕೋಳಿಯನ್ನೇ. ನೆಂಟರು ಬಂದಾಗ ಮಾತ್ರ ಒಸಿ ಯೋಚಿಸುತ್ತಾನೆ: ಬೇಕಾದವರಿಗೆ ನಾಟಿ ಸಾರು, ಬೇಡದವರಿಗೆ ಫಾರಂ ಸಾರು. ಜಮೀನಿನ ಜಗಳದಲ್ಲಿ ಮಾತು ಬಿಟ್ಟಿದ್ದ ಒಡಹುಟ್ಟಿದ ಅಣ್ಣ ಮೊನ್ನೆ ಇದ್ದಕ್ಕಿದ್ದಂತೆ ಬಂದು ಜಗುಲಿಯ ಮೇಲೆ ಕೂತ. ಮರಿಲಿಂಗಯ್ಯ ಬಾ ಎನ್ನಲಿಲ್ಲ, ಮುಖವನ್ನೂ ನೋಡಲಿಲ್ಲ. ಪಂಚೆ ಎತ್ತಿ ಕಟ್ಟಿ ಹಿತ್ತಲಿಗೆ ಹೋಗಿ, ಉಳಿದಿದ್ದ ಒಂದೇ ಒಂದು ನಾಟಿ ಹುಂಜದ ಹಿಂದೆ ಓಡತೊಡಗಿದ.