ಬಂಗಾರಪೇಟೆ ಕ್ವಾರ್ಟರ್ಸಿನ ಕಿಂಡಿ

ನನ್ನ ಅತ್ತೆ ಹುಟ್ಟಿ ಬೆಳೆದದ್ದು ಬಂಗಾರಪೇಟೆಯ ರೈಲ್ವೆ ಕ್ವಾರ್ಟರ್ಸಿನಲ್ಲಿ. ಅವರ ಅಪ್ಪ ಹಳಿ ನೋಡಿಕೊಳ್ಳುವ ಗ್ಯಾಂಗ್‌ಮನ್. ಮದುವೆಯಾಗಿ ಸುಗಟೂರಿಗೆ ಬಂದ ಮೇಲೆ ಹಿಪ್ಪುನೇರಳೆ ತೋಟ, ಹಸು, ಡೈರಿಗೆ ಹಾಲು ಎಂದು ಹಗಲುಗಳು ಕಳೆದುಹೋದವು. ಬಂಗಾರಪೇಟೆ ಅಷ್ಟು ಹತ್ತಿರವಿದ್ದರೂ ಅತ್ತೆ ಆ ಸಾಲುಮನೆಗಳ ಕಡೆ ಮತ್ತೆ ಹೋಗಿರಲಿಲ್ಲ. ಆದರೆ ಅಲ್ಲಿನ ಒಂದು ಸಂಗತಿಯನ್ನು ನನಗೆ ಎಷ್ಟೋ ಸಲ ಹೇಳಿದ್ದರು.

ಅವರ ಅಡುಗೆಮನೆಗೂ ಪಕ್ಕದ ತಮಿಳರ ಅಡುಗೆಮನೆಗೂ ನಡುವಿನ ಗೋಡೆಯಲ್ಲಿ ಒಂದು ಇಟ್ಟಿಗೆ ತೆಗೆದಷ್ಟು ಕಿಂಡಿ ಇತ್ತಂತೆ. ಅದರಲ್ಲೇ ಉಪ್ಪು, ಬೆಂಕಿಪೊಟ್ಟಣ, ಬಟ್ಟಲು ಸಾರು ಎಲ್ಲ ಓಡಾಡುತ್ತಿದ್ದವು. ಅತ್ತೆಗೆ ಎಂಟು ವರ್ಷವಿದ್ದಾಗ ಒಂದು ಮಧ್ಯಾಹ್ನ, ಅಪ್ಪ ಕೆಲಸದ ಮೇಲೆ ದೂರ ಹೋಗಿದ್ದ ಹೊತ್ತಿನಲ್ಲಿ, ಅಮ್ಮನಿಗೆ ಹೆರಿಗೆನೋವು ಬಂತು. ಅತ್ತೆ ಕಿಂಡಿಗೆ ಬಾಯಿಟ್ಟು ಕಿರುಚಿದರು. ಪಕ್ಕದ ಮನೆಯಾಕೆ ಹಿಟ್ಟು ಮೆತ್ತಿದ ಕೈಯಲ್ಲೇ ಓಡಿ ಬಂದು ಹೆರಿಗೆ ಮಾಡಿಸಿದರು. ಅತ್ತೆಯ ತಮ್ಮ ಹುಟ್ಟಿದ್ದು ಹಾಗೆ.

ಸರ್ಕಾರಿ ಮನೆಯ ಗೋಡೆಗೆ ಯಾರಾದರೂ ತೂತು ಹೊಡೆಯುತ್ತಾರೆಯೇ ಎಂಬ ಅನುಮಾನ ನನಗೆ ಇದ್ದೇ ಇತ್ತು. ಸಂಕ್ರಾಂತಿ ಕಳೆದ ಮೇಲೆ ಒಂದು ಶನಿವಾರ, "ನಡೀರಿ ಅತ್ತೆ, ನೋಡ್ಕೊಂಡೇ ಬರೋಣ" ಎಂದೆ. ಬಸ್ಸು ಬೇಡ, ರೈಲಲ್ಲೇ ಹೋಗಬೇಕು ಎಂದರು.

ಕೋಲಾರದಲ್ಲಿ ಹತ್ತಿದ ಬೆಳಗಿನ ರೈಲಿನಲ್ಲಿ ಕಾಲೇಜು ಹುಡುಗಿಯರು, ಬಂಗಾರಪೇಟೆಯಲ್ಲಿ ಗಾಡಿ ಬದಲಿಸಿ ಮಾಲೂರಿನ ಫ್ಯಾಕ್ಟರಿಗಳಿಗೆ ಹೋಗುವವರು ತುಂಬಿದ್ದರು. ಅತ್ತೆ ಕಿಟಕಿ ಪಕ್ಕ ಕೂತು ಹೊರಗೇ ನೋಡುತ್ತಿದ್ದರು.

"ಆವಾಗ ಇದು ಚಿಕ್ಕ ರೈಲು ಕಣೇ. ಏರು ಬಂದ್ರೆ ಗಂಡಸರು ಇಳಿದು ಪಕ್ಕದಲ್ಲೇ ನಡ್ಕೊಂಡು ಬರೋರು."

"ನಿಜವಾಗ್ಲೂ?"

"ಮತ್ತೆ? ಬೀಡಿ ಹಚ್ಕೊಂಡು ಬಂದು ಮತ್ತೆ ಹತ್ತೋರು."

ಸ್ಟೇಷನ್ನಿನ ಹಿಂದೆ ಹೆಂಚಿನ ಸಾಲುಮನೆಗಳಲ್ಲಿ ಅರ್ಧದಷ್ಟಕ್ಕೆ ಬೀಗ ಬಿದ್ದಿತ್ತು. ಅತ್ತೆ ಕೊನೆಯಿಂದ ಎಣಿಸುತ್ತಾ ಹೋಗಿ ಮೂರನೆಯ ಬಾಗಿಲ ಮುಂದೆ ನಿಂತರು. ಒಳಗಿನಿಂದ ಒಬ್ಬ ಹೆಂಗಸು ಬಂದು, "ಎವರಮ್ಮಾ? ಯಾರು ಬೇಕಾಗಿತ್ತು?" ಎಂದಳು. ಅತ್ತೆ ತೆಲುಗಿನಲ್ಲೇ ವಿಷಯ ಹೇಳಿದರು. ಆಕೆ ನಗುತ್ತಾ ನಮ್ಮನ್ನು ನೇರ ಅಡುಗೆಮನೆಗೆ ಕರೆದುಕೊಂಡು ಹೋದಳು. ಒಲೆಕಟ್ಟೆಯ ಮೇಲಿನ ಗೋಡೆಯಲ್ಲಿ ದೇವರ ಪುಟ್ಟ ಪಟಗಳನ್ನಿಟ್ಟ ಗೂಡೊಂದಿತ್ತು.

"ಇದು ಗೂಡು ಅಂತ್ಲೇ ಅಂದ್ಕೊಂಡಿದ್ವಿ. ಆ ಕಡೆಯಿಂದ ಯಾರೋ ಸಿಮೆಂಟು ಬಳಿದಿದ್ದಾರೆ" ಎಂದು ಪಟಗಳನ್ನು ಸರಿಸಿದಳು. ಅತ್ತೆ ಒಳಗೆ ಕೈ ಹಾಕಿ ಅಂಚು ಸವರಿದರು. ನಾನೂ ಸವರಿದೆ. ಇಟ್ಟಿಗೆಯ ಅಂಚು ತೊಳೆದ ಬಟ್ಟಲಿನಂತೆ ನುಣುಪಾಗಿತ್ತು. ಅನುಮಾನಪಟ್ಟದ್ದಕ್ಕೆ ನಾಚಿಕೆಯಾಯಿತು.

ಆಕೆ ಕೊಟ್ಟ ಕಾಫಿ ಕುಡಿದು ಹೊರಗೆ ಬಂದೆವು. ಎದುರು ಸಾಲಿನ ಜಗಲಿಯಲ್ಲಿ ರೈಲ್ವೆಯ ನಿವೃತ್ತ ಪಾಯಿಂಟ್ಸ್‌ಮನ್ ಒಬ್ಬರು ಪೇಪರು ಓದುತ್ತಿದ್ದರು. ತಮಿಳು ಹೆಂಗಸಿನ ವಿಷಯ ಕೇಳಿದ ಕೂಡಲೇ ಕನ್ನಡಕ ತೆಗೆದರು.

"ಆಯಮ್ಮನಾ? ಈ ಲೈನಲ್ಲಿ ಅರ್ಧ ಮಕ್ಕಳು ಆಯಮ್ಮನ ಕೈಯಲ್ಲೇ ಹುಟ್ಟಿದ್ದು. ನಾನೂ ಸೇರಿ!"

ಅತ್ತೆಯ ಮುಖ ಸಣ್ಣಗಾಯಿತು. "ಎಲ್ಲರ ಮನೇಗೂ ಹೋಗ್ತಿದ್ರಾ?" ಎಂದರು. ಇಷ್ಟು ವರ್ಷ ಆಕೆ ತಮ್ಮೊಬ್ಬರ ಮನೆಗೇ ಸೇರಿದವರು ಅಂದುಕೊಂಡಿದ್ದರು, ಪಾಪ. ಆಮೇಲೆ ತಾವೇ ನಕ್ಕರು. "ಹಂಗಾದ್ರೆ ನೀನು ನನ್ನ ತಮ್ಮನ ಜೊತೆಯೋನೇ ಬಿಡಪ್ಪಾ."

ಆಕೆ ತೀರಿಕೊಂಡು ಬಹಳ ವರ್ಷವಾಗಿತ್ತು. ಮಗಳು ಜೋಲಾರಪೇಟೆಯಲ್ಲಿದ್ದಾರೆ ಎಂದು ಪಾಯಿಂಟ್ಸ್‌ಮನ್ ಫೋನು ಹಚ್ಚಿ ಅತ್ತೆಯ ಕೈಗೆ ಕೊಟ್ಟರು.

ಅತ್ತೆ ಒಂದು ಕ್ಷಣ ತಡವರಿಸಿದರು. ಆಮೇಲೆ ತಮಿಳು ಮಾತಾಡತೊಡಗಿದರು. ನಾನು ಬೆಪ್ಪಾಗಿ ನೋಡುತ್ತಾ ನಿಂತೆ. ಇಪ್ಪತ್ತೆರಡು ವರ್ಷ ಒಂದೇ ಮನೆಯಲ್ಲಿ ಇದ್ದೇವೆ. ಅವರ ಕನ್ನಡ ಗೊತ್ತು, ಹಸುವನ್ನು ಬೈಯುವ ತೆಲುಗು ಗೊತ್ತು. ಈ ತಮಿಳು ಎಲ್ಲಿತ್ತು? ದನಿ ಕೂಡ ಬೇರೆಯಾಗಿತ್ತು, ತುಸು ತೆಳ್ಳಗೆ, ಆತುರಾತುರವಾಗಿ. ನಡುವೆ ಪದ ಸಿಗದೆ ನಿಲ್ಲುತ್ತಿದ್ದರು. ಆ ಕಡೆಯವರು ಹೇಳಿಕೊಟ್ಟರೇನೋ, ಮತ್ತೆ ಮುಂದುವರಿಸುತ್ತಿದ್ದರು. ಕೊನೆಗೆ ಸೆರಗಿನಿಂದ ಮೂಗು ಒರೆಸಿಕೊಂಡು ಫೋನು ಹಿಂತಿರುಗಿಸಿದರು.

ಕೋಲಾರದ ಗಾಡಿಗೆ ಕಾಯುತ್ತಾ ಪ್ಲಾಟ್‌ಫಾರಂನಲ್ಲಿ ಕೂತಾಗ ತಡೆಯಲಾರದೆ ಕೇಳಿದೆ. "ಅಷ್ಟು ಹೊತ್ತು ಏನತ್ತೆ ಮಾತಾಡಿದ್ರಿ?"

"ನಿಮ್ಮಮ್ಮ ನಮ್ಮಮ್ಮನ ಹಣೆ ಮೇಲೆ ಕೈ ಇಟ್ಟಾಗ ಹಿಟ್ಟು ಅಂಟಿತ್ತು, ಸಂಜೆವರ್ಗೂ ನಾವ್ಯಾರೂ ಅದನ್ನ ಒರೆಸ್ಲಿಲ್ಲ ಅಂದೆ" ಎಂದರು ಅತ್ತೆ.