ಅಕ್ಕ ತಂದ ವರದಿ

ವಿಟ್ಲದಿಂದ ಬಂದ ಅಕ್ಕ ಚೀಲದೊಳಗಿಂದ ಮೊದಲು ಬಸಳೆಯ ಕಟ್ಟನ್ನು, ಆಮೇಲೆ ಅದರಡಿಯಲ್ಲಿದ್ದ ಕಂದು ಲಕೋಟೆಯನ್ನು ತೆಗೆದು ನನ್ನ ಮುಂದಿಟ್ಟಳು. ಲಕೋಟೆಯ ಮೂಲೆ ಒದ್ದೆಯಾಗಿತ್ತು.

ನಮ್ಮ ಕಡೆ ಇದೊಂದು ರೂಢಿ ನೋಡಿ. ಲ್ಯಾಬಿನ ವರದಿ ಡಾಕ್ಟರರಿಗಿಂತ ಮೊದಲು ಪರಿಚಯದ ವಿಜ್ಞಾನದ ಟೀಚರ ಕೈಗೆ ಬರುತ್ತದೆ. ಮೂಡುಬಿದಿರೆಯಲ್ಲಿ ಮೂವತ್ತು ವರ್ಷ ಪತ್ರಹರಿತ್ತು, ದ್ಯುತಿಸಂಶ್ಲೇಷಣೆ ಎಂದು ಮಕ್ಕಳ ನಾಲಿಗೆ ತಿರುಚಿದ ನಾನು ಆ ಪದಗಳ ಪುಣ್ಯದಿಂದಲೇ ಅರ್ಧ ವೈದ್ಯೆ ಎನಿಸಿಕೊಂಡವಳು. ಸುಳ್ಳೇಕೆ, ಅದರ ಜಂಬವೂ ಇತ್ತು. ಕನ್ನಡಕ ಸರಿಸಿಕೊಂಡು, ‘ಹಿಮೋಗ್ಲೋಬಿನ್ ಕಡಿಮೆ ಉಂಟು, ನುಗ್ಗೆಸೊಪ್ಪು ತಿನ್ನಿ’ ಎನ್ನುವುದರಲ್ಲಿ ಒಂದು ಸುಖವಿದೆ.

ಅಕ್ಕನ ಕುತ್ತಿಗೆಯ ಗಂಟಿಗೆ ಸೂಜಿ ಚುಚ್ಚಿ ತೆಗೆದ ಜೀವಕೋಶಗಳ ವರದಿ ಅದು. ‘ಫಾಲಿಕ್ಯುಲರ್ ನಿಯೋಪ್ಲಾಸಂ’ ಎಂದಿತ್ತು. ಅದರ ಒಂದೊಂದು ತುಂಡೂ ನನಗೆ ಗೊತ್ತು. ಫಾಲಿಕಲ್ ಎಂದರೆ ಪುಟ್ಟ ಚೀಲ. ಒಂದೇ ಬದಿಗೆ ಬಿರಿದು ಹತ್ತಿ ಹಾರಿಸುವ ಎಕ್ಕದ ಕಾಯಿಗೂ ಸಸ್ಯಶಾಸ್ತ್ರ ಅದೇ ಹೆಸರಿಟ್ಟಿದೆ. ಕುತ್ತಿಗೆಯಲ್ಲಿರುವ ಥೈರಾಯ್ಡ್ ಗ್ರಂಥಿಯ ಇಂಥ ಚೀಲಗಳು ಹೀರಿಕೊಳ್ಳುವ ಅಯೋಡಿನ್ನಿಗೆ ರಸಾಯನಶಾಸ್ತ್ರದವರು ಹೆಸರು ಕೊಟ್ಟದ್ದು ಅದರ ಆವಿಯ ನೇರಳೆ ಬಣ್ಣ ನೋಡಿ. ನಿಯೋಪ್ಲಾಸಂ ಎಂದರೆ ಹೊಸ ಬೆಳವಣಿಗೆ. ಎಷ್ಟು ಚಂದದ ಮಾತು, ಚಿಗುರಿಗೂ ಹೇಳಬಹುದು. ಆದರೆ ಅದು ಕ್ಯಾನ್ಸರೋ ಅಲ್ಲವೋ ಎಂಬುದನ್ನು ಪದವೂ ಹೇಳಲಿಲ್ಲ, ವರದಿ ಬರೆದವರೂ ಹೇಳಿರಲಿಲ್ಲ. ಬಿಡಿಸಿ ಬಿಡಿಸಿ ಓದಿ, ಮತ್ತೆ ಮೊದಲ ಸಾಲಿಗೇ ಬಂದೆ. ಅಮ್ಮ ತೀರಿಹೋದ ಮೇಲೆ ನನ್ನನ್ನು ಸಾಕಿದವಳು ಅಕ್ಕ.

‘ಎಂತ ಬರೆದಿದ್ದಾರೆ? ಎಂತ ಇಲ್ಲ ಅಲ್ವಾ?’ ಎಂದಳು.

ಏನಿಲ್ಲ ಎನ್ನುವುದು ನಾಲಿಗೆಯ ತುದಿಗೇ ಬಂದಿತ್ತು. ಎಷ್ಟು ಮಂದಿಗೆ ಹಾಗೆ ಹೇಳಿ ಕಳಿಸಿದ್ದೇನೋ. ನನ್ನ ಮಾತಿನ ಧೈರ್ಯದಲ್ಲಿ ಯಾರಾದರೂ ಡಾಕ್ಟರರ ಬಳಿ ಹೋಗದೆಯೇ ಉಳಿದಿರಬಹುದೇ ಎಂಬ ಯೋಚನೆ, ಸ್ವಂತ ಅಕ್ಕನ ಕುತ್ತಿಗೆ ನೋಡುತ್ತ ಕುಳಿತಾಗ ಮೊದಲ ಬಾರಿಗೆ ಬಂತು. ನಾಚಿಕೆಯಾಯಿತು, ಭಯವೂ ಆಯಿತು.

‘ಪದದ ಅರ್ಥ ಗೊತ್ತುಂಟು ಅಕ್ಕ. ನಿನಗೆ ಎಂತ ಆಗಿದೆ ಅಂತ ನನಗೆ ಗೊತ್ತಿಲ್ಲ’ ಎಂದೆ.

ಅಕ್ಕ ಬಸಳೆಯ ದಂಟೊಂದನ್ನು ಮುರಿದು ಬದಿಗಿಟ್ಟಳು. ಆಮೇಲೆ, ‘ಹಾಗಾದರೆ ನಾಳೆ ಡಾಕ್ಟರರ ಹತ್ತಿರ ಹೋಗುವ. ನೀನು ಎಂತ ಹೇಳುವುದೂ ಬೇಡ, ಹತ್ತಿರ ಕೂತರೆ ಸಾಕು. ಒಬ್ಬಳೇ ಹೋಗಲಿಕ್ಕೆ ನನಗೆ ಹೆದರಿಕೆ ಆಗ್ತದೆ’ ಎಂದಳು.

ಹೆದರಿಕೆ ಎಂದು ಅಕ್ಕ ಹೇಳಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲೇ ಇಲ್ಲ.