ಮೀನಿನ ಬುಟ್ಟಿಗೆ ಬೋರ್ಡು ಎಲ್ಲಿ ಹಾಕುವುದು?

ಕಳೆದ ವಾರ ಕಾಪುವಿನಲ್ಲಿ ಲಸಿಕೆ ಶಿಬಿರ ನಡೆಯುತ್ತಿದ್ದ ಶಾಲೆಯ ಗೇಟಿನ ಎದುರು ಒಬ್ಬಳು ಹೆಂಗಸು ಒಂದು ಬುಟ್ಟಿ ಬಂಗುಡೆ ಮೀನು ಇಟ್ಟುಕೊಂಡು ಕೂತಿದ್ದಳು. ವಾಸನೆಗೆ ಒಳಗಿದ್ದ ಕಂಪ್ಯೂಟರ್ ಹುಡುಗಿ ಒಂದರ ಮೇಲೆ ಇನ್ನೊಂದು ಮಾಸ್ಕ್ ಹಾಕಿಕೊಂಡಳಂತೆ. ಇದು ಯಾರದ್ದೋ ಕಿತಾಪತಿ ಎಂದು ಅಲ್ಲಿದ್ದವರೆಲ್ಲ ಮಾತಾಡಿಕೊಂಡರು.

ಸರಿಯಾಗಿಯೇ ಮಾತಾಡಿಕೊಂಡರು. ಕಿತಾಪತಿ ನನ್ನದೇ.

ನನ್ನನ್ನು ವಾರವಾರ ಸಹಿಸಿಕೊಳ್ಳುವ ನಿಮಗೆ ಇದರಲ್ಲಿ ಆಶ್ಚರ್ಯವೇನೂ ಇರಲಿಕ್ಕಿಲ್ಲ. ಎಪ್ಪತ್ತು ದಾಟಿದ ಮೇಲೆ ಮನುಷ್ಯನಿಗೆ ಒಂದೋ ಗೌರವ, ಇಲ್ಲವೇ ಮಜಾ. ನಾನು ಡ್ರಿಲ್ ಮಾಸ್ಟ್ರಾಗಿದ್ದವನು. ಗೌರವ ಸರ್ವಿಸಿನಲ್ಲೇ ಬೇಕಾದಷ್ಟು ಸಿಕ್ಕಿದೆ. (ಹೆದರಿಕೆಯನ್ನೂ ಗೌರವ ಎಂದು ಲೆಕ್ಕ ಹಿಡಿಯುವುದಾದರೆ.)

ಲಸಿಕೆಯ ವಿಷಯದಲ್ಲಂತೂ ನನ್ನಷ್ಟು ಠೀವಿಯಿಂದ ಚುಚ್ಚಿಸಿಕೊಂಡವರು ಈ ಜಿಲ್ಲೆಯಲ್ಲೇ ಇಲ್ಲ. ಅರವತ್ತು ದಾಟಿದವರಿಗೆ ಎಂದು ಹೇಳಿದ ದಿನವೇ ಕುತ್ತಿಗೆಗೆ ಹಳೆಯ ವಿಸಿಲ್ ಹಾಕಿಕೊಂಡು ಹೋದೆ. ಅಲ್ಲಿ ಮುದುಕರೆಲ್ಲ ಕುರಿಮಂದೆಯ ಹಾಗೆ ನಿಂತಿದ್ದರು. ಒಮ್ಮೆ ಊದಿದೆ. ನನ್ನ ಕೈಯಲ್ಲಿ ಕಲಿತವರ ಅಪ್ಪಂದಿರೂ ಸಾಲಾಗಿ ನಿಂತರು. ಸಿಬ್ಬಂದಿ ನನ್ನನ್ನು ಮೇಲಿನಿಂದ ಬಂದವನೆಂದು ತಿಳಿದು ಕುರ್ಚಿ ಕೊಟ್ಟರು, ಚಾ ಕೊಟ್ಟರು.

ಅದೇ ದಿನ ನಮ್ಮ ಪಕ್ಕದ ಮನೆಯ ನಿವೃತ್ತ ಬ್ಯಾಂಕ್ ಮ್ಯಾನೇಜರಿಗೆ, ಊಟ ಮಾಡುವ ಕೈಗೇ ಹಾಕಿಸಿಕೊಳ್ಳಿ, ಔಷಧಿ ಬೇಗ ಇಳಿಯುತ್ತದೆ ಎಂದು ಗುಟ್ಟಾಗಿ ಹೇಳಿದೆ. ಮರುದಿನ ಅವರಿಗೆ ಬಲಗೈ ಎತ್ತಲಿಕ್ಕೆ ಆಗಲಿಲ್ಲ, ಎಡಗೈಯಲ್ಲಿ ಚಮಚ ಹಿಡಿದು ಗಂಜಿ ಕುಡಿದರು. ಈಗಲೂ ನನ್ನ ಹತ್ತಿರ ಮಾತಿಲ್ಲ.

ಇರಲಿ. ಈಗ ಬೇಬಿಯ ವಿಷಯಕ್ಕೆ ಬರುತ್ತೇನೆ.

ಬೇಬಿ ನಮ್ಮ ಮನೆಗೆ ಮೀನು ತರುವವಳು. ಹೆಸರು ಬೇಬಿಯಾದರೂ ಪ್ರಾಯ ನಲವತ್ತೆರಡು. ಇನ್ನೊಂದು ಮೂರು ವರ್ಷ ಮೊದಲು ಹುಟ್ಟಿದ್ದರೆ ನಲವತ್ತೈದಾಗಿ, ಲಸಿಕೆ ಯಾವತ್ತೋ ಆಗುತ್ತಿತ್ತು, ನಾನೂ ಈ ವಾರ ಬೇರೆ ಏನಾದರೂ ಬರೆಯುತ್ತಿದ್ದೆ.

ಬೆಳಿಗ್ಗೆ ನಾಡದೋಣಿ ದಡ ಮುಟ್ಟಿದ ಕೂಡಲೇ ಮೀನು ತುಂಬಿಕೊಂಡು, ನಮ್ಮ ಮನೆಯಲ್ಲಿ ಬೋಣಿ ಮಾಡಿ, ಉಳಿದ ಹೆಂಗಸರ ಜೊತೆ ಟೆಂಪೋ ಹತ್ತುತ್ತಾಳೆ. ಒಬ್ಬೊಬ್ಬರು ಒಂದೊಂದು ಕಡೆ ಇಳಿದು ಮನೆಮನೆಗೆ ನಡೆಯುವುದು. ಬೇಬಿ ಇಳಿಯುವುದು ಮಣಿಪಾಲದಲ್ಲಿ.

ಇವರಲ್ಲಿ ಒಂದು ಕ್ರಮ ಉಂಟು. ಒಬ್ಬಳ ಮನೆಯ ಅಂಗಳದಲ್ಲಿ ಇನ್ನೊಬ್ಬಳು ಬುಟ್ಟಿ ಇಳಿಸುವುದಿಲ್ಲ. ಮನೆಗಳು ಅತ್ತೆಯಿಂದ ಸೊಸೆಗೆ ಬರುತ್ತವೆ. ಅತ್ತೆಗೆ ಕಾಲು ಸೋತಾಗ ಸೊಸೆಯನ್ನು ಕರೆದುಕೊಂಡು ಹೋಗಿ ಒಂದೊಂದೇ ಮನೆ ಒಪ್ಪಿಸುತ್ತಾಳೆ. ಈ ಮನೆಯ ಅಮ್ಮನಿಗೆ ಮೀನಿನ ತಲೆ ಬೇಕೇ ಬೇಕು. ಆ ಮನೆಯ ಯಜಮಾನರಿಗೆ ಮುಳ್ಳು ಆಗುವುದಿಲ್ಲ. ಬೇಬಿಯ ಅತ್ತೆ ಹಾಗೆ ಒಪ್ಪಿಸಿದ ಮನೆಗಳಲ್ಲಿ ಒಂದು ಸಾಲನ್ನು ಕೆಡವಿ ಅಪಾರ್ಟ್‌ಮೆಂಟ್ ಕಟ್ಟಿದರು. ಅಂಗಳಗಳು ಹೋದವು, ಅಮ್ಮಂದಿರೆಲ್ಲ ಫ್ಲ್ಯಾಟಿಗೆ ಹತ್ತಿದರು. ಬೇಬಿ ಬಿಡಲಿಲ್ಲ, ಲಿಫ್ಟಿನಲ್ಲಿ ಬುಟ್ಟಿ ಹತ್ತಿಸಿದಳು.

ಎರಡನೇ ಅಲೆಗೆ ನಾವೆಲ್ಲ ಬಾಗಿಲು ಹಾಕಿ ಒಳಗೆ ಕೂತೆವಲ್ಲ? ಆಗಲೂ ಬಂದಳು. ಲಾಕ್‌ಡೌನ್ ಸಡಿಲಿಸಿದ ಬೆಳಗಿನ ಅವಧಿಯಲ್ಲಿ ಓಡಿ ಓಡಿ ಬಂದಳು. ನಾವು ಮಾಸ್ಕ್ ಹಾಕಿಕೊಂಡು, ಮಾರು ದೂರದಲ್ಲಿ ನಿಂತು, ದೊಡ್ಡ ಉಪಕಾರ ಮಾಡುವವರ ಹಾಗೆ ಮೀನು ತೆಗೆದುಕೊಂಡೆವು.

ಹೋದ ತಿಂಗಳು ಆ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಒಂದು ಬೋರ್ಡು ಬಂತು: ಲಸಿಕೆ ಹಾಕಿಸಿಕೊಂಡ ವ್ಯಾಪಾರಿಗಳಿಗೆ ಮಾತ್ರ ಪ್ರವೇಶ.

ಬೇಬಿ ಒಂದು ವಾರ ಗೇಟಿನಿಂದಲೇ ವಾಪಸ್. ಎರಡನೇ ವಾರ ಒಬ್ಬ ಸ್ಕೂಟರಿನ ಹಿಂದೆ ಥರ್ಮೋಕೋಲ್ ಪೆಟ್ಟಿಗೆ ಕಟ್ಟಿಕೊಂಡು ಒಳಗೆ ಹೋಗುವುದನ್ನು ನೋಡಿದಳು. ಅವನ ಮೀನು ಐಸಿನಲ್ಲಿ ಮಲಗಿ ಎಷ್ಟು ದಿನವಾಗಿತ್ತೋ. ಆದರೆ ಅವನಿಗೆ ನಲವತ್ತೇಳು, ಮೊಬೈಲಿನಲ್ಲಿ ಸರ್ಟಿಫಿಕೇಟ್ ಉಂಟು.

ಆ ದಿನ ಅವಳು ನಮ್ಮ ಮನೆಯ ಮೆಟ್ಟಿಲಿನಲ್ಲಿ ಕೂತು ಹೇಳಿದ್ದು ಇಷ್ಟೇ. "ಅತ್ತೆ ಕೊಟ್ಟ ಮನೆ ಮಾಸ್ಟ್ರೇ. ಅವ ಒಂದು ತಿಂಗಳು ಹೋದ ಅಂದ್ರೆ ಮತ್ತೆ ಅದು ಅವನದ್ದೇ. ನಾನು ಎಂತ ಹೇಳುವುದು ಅತ್ತೆಗೆ?"

ಅತ್ತೆ ಇನ್ನೂ ಇದ್ದಾರೆ. ದಿನಾ ಸಂಜೆ, ಯಾವ ಅಮ್ಮ ಏನು ತೆಗೆದುಕೊಂಡರು ಎಂದು ಕೇಳುತ್ತಾರಂತೆ. ಬೇಬಿ ಎರಡು ವಾರದಿಂದ ಬಾಯಿಗೆ ಬಂದ ಮೀನಿನ ಹೆಸರು ಹೇಳುತ್ತಿದ್ದಳು.

ಲಸಿಕೆ ಹಾಕಿಸಿಕೋ ಮಾರಾಯ್ತಿ ಎಂದೆ. ಕೊಟ್ಟರಲ್ಲವಾ ಹಾಕಿಸಿಕೊಳ್ಳುವುದು ಎಂದಳು.

ಆಗ ನಲವತ್ತೈದರ ಕೆಳಗಿನವರಲ್ಲಿ ಆದ್ಯತೆಯವರಿಗೆ ಮಾತ್ರ ಕೊಡುತ್ತಿದ್ದರು. ಆದ್ಯತೆಯಲ್ಲಿ ಬೀದಿ ವ್ಯಾಪಾರಿಗಳೂ ಇದ್ದರು. ಹಾಗಾದರೆ ಬೇಬಿಗೆ ಸಿಗಬೇಕಲ್ಲ? ನಾನೇ ಅವಳನ್ನು ಕರೆದುಕೊಂಡು, ಇಂಥವರು ವ್ಯಾಪಾರಿ ಎಂದು ಲಸಿಕೆಗೆ ಪತ್ರ ಕೊಡುವ ಸಾಹೇಬರ ಹತ್ತಿರ ಹೋದೆ. ಘಟ್ಟದ ಮೇಲಿನವರು, ಈ ಕೆಲಸಕ್ಕೆಂದೇ ಬಂದವರು, ಸಣ್ಣ ಪ್ರಾಯ. ಒಳ್ಳೆಯ ಮಾತಿನವರೇ. ಅಂಗಡಿ ಎಲ್ಲಿ ಎಂದು ಕೇಳಿದರು. ಇಲ್ಲ ಎಂದಳು. ಕೂರುವ ಜಾಗ? ಕೂರುವುದಿಲ್ಲ, ನಡೆಯುವುದು ಎಂದಳು. ಸಾಹೇಬರಿಗೆ ಪಾಪ ತಲೆ ಕೆರೆದುಕೊಳ್ಳುವ ಹಾಗಾಯಿತು. ಕೂತ ಜಾಗದ ಫೋಟೋ ಬೇಕು, ಬೋರ್ಡು ಕಂಡರೆ ಒಳ್ಳೆಯದು, ಇಲ್ಲದಿದ್ದರೆ ವ್ಯಾಪಾರಿ ಎಂದು ಬರೆಯಲಿಕ್ಕೆ ಬರುವುದಿಲ್ಲ ಎಂದರು.

"ಅಂಗಡಿ ತಲೆಯ ಮೇಲೆ ಉಂಟು ಸರ್," ಎಂದಳು ಬೇಬಿ. "ಬೋರ್ಡು ಎಲ್ಲಿ ಹಾಕುವುದು, ಹಣೆಗಾ?"

ಸಾಹೇಬರು ನಗಲಿಲ್ಲ. ಮುಂದಿನವರನ್ನು ಕರೆದರು.

ನನಗೆ ಆ ಪಟ್ಟಿಯಲ್ಲಿದ್ದವರ ಮೇಲೆ ಹೊಟ್ಟೆಕಿಚ್ಚಿಲ್ಲ. ಎಲ್ಲರಿಗೂ ಸಿಗಲಿ. ಆದರೆ ಒಂದು ಕೇಳುತ್ತೇನೆ. ಈ ರೋಗ ಮನೆಯಿಂದ ಮನೆಗೆ ಹೋಗುವವರಿಗೆ ಬೇಗ ಅಂಟುವುದೋ, ಒಂದೇ ಕಡೆ ಕೂತವರಿಗೋ? ಕೂತವರಿಗೆ ಲಸಿಕೆ, ನಡೆಯುವವರಿಗೆ ಇಲ್ಲ ಎಂದು ಬರೆದ ಪುಣ್ಯಾತ್ಮ ಒಂದು ದಿನವಾದರೂ ನಡೆದಿದ್ದಾನಾ? ಲಸಿಕೆ ಇಲ್ಲದೆ ಒಳಗೆ ಬಿಡುವುದಿಲ್ಲ ಎಂದು ಒಂದು ಗೇಟು. ವ್ಯಾಪಾರಿಯೇ ಅಲ್ಲ, ಲಸಿಕೆ ಕೊಡುವುದಿಲ್ಲ ಎಂದು ಇನ್ನೊಂದು ಗೇಟು. ಎರಡು ಗೇಟಿನ ನಡುವೆ ಬುಟ್ಟಿ ಹೊತ್ತು ನಿಂತ ಬೇಬಿ.

ವಾಪಸ್ ಬರುವಾಗಲೇ ನನಗೆ ಐಡಿಯಾ ಹೊಳೆಯಿತು. (ಒಳ್ಳೆಯ ಐಡಿಯಾಗಳೆಲ್ಲ ನನಗೆ ಸಿಟ್ಟು ಬಂದಾಗಲೇ ಹೊಳೆಯುವುದು.) ಕೂತ ಫೋಟೋ ಬೇಕಲ್ಲ, ಕೂರಿಸುತ್ತೇನೆ. ಅದೂ ಅವರ ಮೂಗಿನ ಕೆಳಗೆ. ಮಂಗಳವಾರ ಶಾಲೆಯಲ್ಲಿ ಶಿಬಿರ, ಸಾಹೇಬರೂ ಅಲ್ಲೇ ಇರುತ್ತಾರೆ. ಉದ್ದದ ಕ್ಯೂ ಇರುತ್ತದೆ. ಬೇಬಿ ಗೇಟಿನ ಎದುರು ಬುಟ್ಟಿ ಇಟ್ಟು ಕೂರಬೇಕು, ಕ್ಯೂನಲ್ಲಿದ್ದವರೆಲ್ಲ ಮುಗಿಬಿದ್ದು ಮೀನು ಕೊಳ್ಳಬೇಕು, ನಾನು ಫೋಟೋ ಹೊಡೆದು ಸಾಹೇಬರ ಮೇಜಿನ ಮೇಲೆ ಇಡಬೇಕು.

ಬೇಬಿ, "ಮಂಗಳವಾರವಾ ಮಾಸ್ಟ್ರೇ..." ಎಂದು ಏನೋ ಹೇಳಲಿಕ್ಕೆ ಹೊರಟಳು. ನಾನು ಕೈ ಎತ್ತಿ ನಿಲ್ಲಿಸಿದೆ. ಪ್ಲ್ಯಾನ್ ನನ್ನದು, ನೀನು ಬಂದು ಕೂತರೆ ಸಾಕು ಎಂದೆ.

ಮಂಗಳವಾರ ಬಂತು. ಬೇಬಿ ಕೂತಳು. ಮಳೆ ಸ್ವಲ್ಪ ಬಿಟ್ಟಿತ್ತು. ಬೆಳ್ಳಿಯ ಹಾಗೆ ಹೊಳೆಯುವ ಬಂಗುಡೆ. ಕ್ಯೂ ಶಾಲೆಯ ಗೋಡೆ ಸುತ್ತಿ ರಸ್ತೆಗೆ ಬಂದಿತ್ತು. ನಾನು ವಿಸಿಲ್ ಊದಿ, ಸಾಲು ಬುಟ್ಟಿಯ ಪಕ್ಕದಲ್ಲೇ ಹಾದುಹೋಗುವ ಹಾಗೆ ತಿರುಗಿಸಿದೆ. ಮೊಬೈಲ್ ಕ್ಯಾಮೆರಾ ರೆಡಿ.

ಒಬ್ಬರೂ ಬಗ್ಗಲಿಲ್ಲ.

ಬುಟ್ಟಿಯನ್ನು ನೋಡುತ್ತಾರೆ, ನನ್ನನ್ನು ನೋಡುತ್ತಾರೆ, ಮುಂದೆ ಹೋಗುತ್ತಾರೆ. ನಾನೇ ಕಲಿಸಿದ ಒಬ್ಬ ಹುಡುಗ (ಈಗ ಅವನಿಗೂ ಹೊಟ್ಟೆ ಬಂದಿದೆ) ತಗ್ಗಿದ ಸ್ವರದಲ್ಲಿ ಹೇಳಿದ. "ಸರ್, ಇವತ್ತು ಸಂಕ್ರಮಣ ಅಲ್ವಾ?"

ನನ್ನ ನೆತ್ತಿಗೆ ಯಾರೋ ತಣ್ಣೀರು ಹೊಯ್ದ ಹಾಗಾಯಿತು. ಸಂಕ್ರಮಣದ ದಿನ ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಮೀನಿನ ಪಾತ್ರೆಯನ್ನೇ ಮುಟ್ಟುವುದಿಲ್ಲ. ನಮ್ಮ ಮನೆಯಲ್ಲೂ ಇಲ್ಲ. ಲಾಕ್‌ಡೌನಿನಲ್ಲಿ ಎಲ್ಲ ದಿನವೂ ಒಂದೇ ಆಗಿ ನನಗೆ ಕ್ಯಾಲೆಂಡರೇ ಮರೆತುಹೋಗಿತ್ತು.

ಬೇಬಿಯ ಹತ್ತಿರ ಬಗ್ಗಿ, ನಿನಗಾದರೂ ಗೊತ್ತಿರಲಿಲ್ಲವಾ ಎಂದು ಗದರಿದೆ.

"ಗೊತ್ತುಂಟು. ನೀವು ಬಾಯಿ ತೆರೆಯಲಿಕ್ಕೆ ಬಿಟ್ಟರಲ್ವಾ ಹೇಳುವುದು? ನಾನು ಎಣಿಸಿದೆ, ಮಾಸ್ಟ್ರು ದೊಡ್ಡ ತಲೆ, ಎಂತದೋ ಇರಬೇಕು ಅಂತ."

ಹಿಂದೆ ಕ್ಯೂನಲ್ಲಿ ನಗು ಎದ್ದಿತು. ಪಕ್ಕದ ಮನೆಯ ಬ್ಯಾಂಕಿನವರು ಮಗಳನ್ನು ಕರೆದುಕೊಂಡು ಬಂದಿದ್ದರು. ಎಷ್ಟೋ ತಿಂಗಳ ಮೇಲೆ ನನ್ನ ಮುಖ ನೋಡಿ ನಕ್ಕರು. ಅದೊಂದು ಲಾಭ ಎನ್ನಿ.

ಅಷ್ಟರಲ್ಲಿ ಸಾಹೇಬರು ಹೊರಗೆ ಬಂದರು. ಒಳಗೆ ಕೂರಲಿಕ್ಕೆ ಆಗುವುದಿಲ್ಲವಂತೆ, ವಾಸನೆ. ಬುಟ್ಟಿಯನ್ನು ತೋರಿಸಿ, "ಏನಮ್ಮಾ ಇದು, ಇಲ್ಲಿ ವ್ಯಾಪಾರ ಮಾಡೋ ಹಾಗಿಲ್ಲ. ಎದ್ದೇಳಿ," ಎಂದರು.

ಓದುಗರೇ, ಮೂವತ್ತು ವರ್ಷ ಮಕ್ಕಳಿಗೆ ಕಬಡ್ಡಿ ಕಲಿಸಿದವನು ನಾನು. ಎದುರಿನವನು ತಾನಾಗಿ ಗೆರೆ ದಾಟಿ ಬಂದಾಗ ಕಾಲು ಹಿಡಿಯದೆ ಬಿಡುವುದುಂಟಾ?

"ವ್ಯಾಪಾರವಾ ಸರ್?" ಎಂದೆ. "ಇವಳು ವ್ಯಾಪಾರಿಯೇ ಅಲ್ಲ ಅಂತ ಮೊನ್ನೆ ನೀವೇ ಹೇಳಿದ್ದಲ್ವಾ? ವ್ಯಾಪಾರಿ ಅಲ್ಲದವಳು ವ್ಯಾಪಾರ ಮಾಡುವುದು ಹೇಗೆ? ಸುಮ್ಮನೆ ಮೀನಿನ ಜೊತೆ ಕೂತಿದ್ದಾಳೆ."

ಸಾಹೇಬರ ಮುಖ ಕೆಂಪಾಯಿತು. ತಮಾಷೆ ಬೇಡ, ಎಬ್ಬಿಸಿ ಎಂದರು. ಎಬ್ಬಿಸುತ್ತೇನೆ, ಈಗಲೇ ಎಬ್ಬಿಸುತ್ತೇನೆ, ಆದರೆ ಬೀದಿ ವ್ಯಾಪಾರಿಯೊಬ್ಬಳನ್ನು ಇಲ್ಲಿಂದ ಎಬ್ಬಿಸಿದ್ದು ಎಂದು ಎರಡು ಸಾಲು ಬರೆದು ಸಹಿ ಹಾಕಿ ಕೊಡಿ ಎಂದೆ. ಎಬ್ಬಿಸುವಾಗ ವ್ಯಾಪಾರಿ, ಚುಚ್ಚುವಾಗ ಅಲ್ಲ ಎಂದರೆ ಯಾವ ನ್ಯಾಯ ಸ್ವಾಮಿ? ಕ್ಯೂ ಪೂರ್ತಿ ನಮ್ಮ ಕಡೆ ತಿರುಗಿತ್ತು. ಮೀನು ಕೊಳ್ಳದಿದ್ದವರು ಕಿವಿ ಮಾತ್ರ ಕೊಟ್ಟು ನಿಂತಿದ್ದರು.

ಆಗ ಒಳಗಿನಿಂದ ಬಂದವರು ಸಿಸ್ಟರ್. ಕಾರ್ಕಳದವರು, ಕ್ರಿಶ್ಚಿಯನ್ನರು, ಬೆಳಿಗ್ಗೆಯಿಂದ ಚುಚ್ಚಿ ಚುಚ್ಚಿ ಕೈ ಸೋತವರು. ನಮ್ಮ ಜಗಳ ಅವರಿಗೆ ಬೇಡವೇ ಬೇಡ. ಸೀದಾ ಬುಟ್ಟಿಯ ಎದುರು ಕುಕ್ಕರುಗಾಲಿನಲ್ಲಿ ಕೂತರು, ಒಂದು ಬಂಗುಡೆಯ ಕಿವಿರು ಎತ್ತಿ ನೋಡಿದರು, ರೇಟು ಕೇಳಿದರು. ಬೇಬಿ ಹೇಳಿದಳು. ಇವರು ಇಳಿಸಿದರು. ಬೇಬಿ, ಕಾರ್ಕಳದಲ್ಲಿ ಈ ಮೀನು ಸಿಕ್ಕಿದರೆ ನನ್ನ ಹೆಸರು ಬದಲಿಸಿ ಎಂದಳು. ಸಂಕ್ರಮಣದ ದಿನ ನಿನ್ನ ಮೀನಿಗೆ ನಾನೊಬ್ಬಳೇ ಗಿರಾಕಿ, ನೆನಪಿರಲಿ ಎಂದರು ಸಿಸ್ಟರ್. ಕೊನೆಗೆ ರೇಟು ಕುದುರಿತು, ಮೇಲೆ ಒಂದು ಮೀನು ಕೊಸರು.

ಚೀಲ ಹಿಡಿದು ಎದ್ದು ನಿಂತವರು ಸಾಹೇಬರನ್ನು ನೋಡಿ ತಣ್ಣಗೆ ಕೇಳಿದರು. "ಇವಳು ವ್ಯಾಪಾರಿ ಅಲ್ಲ ಅಂತಾದ್ರೆ ಸರ್, ನಾನು ಈಗ ಮೀನು ತಗೊಂಡದ್ದು ಯಾರ ಹತ್ತಿರ?"

ನಾನು ಫೋಟೋ ಹೊಡೆದೆ. ಬೇಬಿ, ಬುಟ್ಟಿ, ಸಿಸ್ಟರ್, ಸಾಹೇಬರು, ಹಿಂದೆ ಶಿಬಿರದ ದೊಡ್ಡ ಬ್ಯಾನರು. ಬೋರ್ಡು ಬೇಕು ಎಂದಿದ್ದರಲ್ಲ, ಇದಕ್ಕಿಂತ ದೊಡ್ಡ ಬೋರ್ಡು ಯಾವ ಅಂಗಡಿಗೆ ಉಂಟು?

ಸಾಹೇಬರು ಒಂದು ಫೋನು ಮಾಡಿದರು. ಒಳಗೆ ಹೋಗಿ ಪತ್ರ ಬರೆದರು. ವ್ಯಾಪಾರದ ಸ್ಥಳ ಎಂಬಲ್ಲಿ ಪೆನ್ನು ನಿಲ್ಲಿಸಿ ಬೇಬಿಯ ಮುಖ ನೋಡಿದರು. ಬೇಬಿ ಕಾಪುವಿನಿಂದ ಮಣಿಪಾಲದವರೆಗೆ ಎಂದಳು. ಹಾಗೆಯೇ ಬರೆದರು. ಒಪ್ಪಿಕೊಳ್ಳುತ್ತೇನೆ, ಆ ಸಾಹೇಬ ಹುಡುಗನ ಮೇಲೆ ನನ್ನ ಸಿಟ್ಟು ಅಲ್ಲಿಗೆ ಅರ್ಧ ಇಳಿಯಿತು. ನಿಯಮ ಬರೆದವರು ಎಲ್ಲೋ ಇದ್ದಾರೆ, ಬೈಗಳು ತಿನ್ನಲಿಕ್ಕೆ ಇವರನ್ನು ಇಲ್ಲಿ ಕೂರಿಸಿದ್ದಾರೆ.

ಬೇಬಿ ಒಳಗೆ ಹೋಗಿ ಚುಚ್ಚಿಸಿಕೊಂಡು ಬಂದಳು. ಉಳಿದ ಮೀನನ್ನು ಸಿಸ್ಟರಿನ ಜೊತೆಯವರು ಒಂದಷ್ಟು, ಪಕ್ಕದ ಓಣಿಯ ಬ್ಯಾರಿ ಮುಸ್ಲಿಮರ ಮನೆಯವರು ಒಂದಷ್ಟು ಕೊಂಡು ಬುಟ್ಟಿ ಖಾಲಿ ಮಾಡಿದರು. ಇಂದು ಸಂಜೆ ಅತ್ತೆಗೆ ಸುಳ್ಳು ಹೇಳಬೇಕಾಗಿಲ್ಲ ಎಂದು ಬೇಬಿ ನಕ್ಕಳು. ನಾನಂತೂ ಮನೆಗೆ ಎದೆ ಉಬ್ಬಿಸಿಕೊಂಡೇ ಹೋದೆ. ಸಂಕ್ರಮಣದ ದಿನ ಮೀನಿನ ವಾಸನೆ ಹೊತ್ತು ಬಂದದ್ದಕ್ಕೆ ಹೆಂಡತಿ ಅಂಗಳದಲ್ಲೇ ಸ್ನಾನ ಮಾಡಿಸಿದಳು, ಅದು ಬೇರೆ ವಿಷಯ.

ಎರಡು ದಿನ ಬಿಟ್ಟು, ಕೈ ನೋವು ಇಳಿದ ಮೇಲೆ, ಬೇಬಿ ಸರ್ಟಿಫಿಕೇಟ್ ಹಿಡಿದು ಮಣಿಪಾಲಕ್ಕೆ ಹೋದಳು. ನಾನೂ ಜೊತೆಗೆ ಹೋದೆ, ಗೆದ್ದ ಮುಖ ತೋರಿಸುವ ಚಪಲ.

ಗೇಟಿನ ಬೋರ್ಡು ಬದಲಾಗಿತ್ತು. ಎರಡೂ ಡೋಸ್ ಆದ ವ್ಯಾಪಾರಿಗಳಿಗೆ ಮಾತ್ರ ಪ್ರವೇಶ.

ಬೇಬಿ ಬೋರ್ಡನ್ನು ನೋಡಿದಳು. ನನ್ನನ್ನು ನೋಡಿದಳು. ಎರಡನೇ ಡೋಸಿಗೆ ಇನ್ನೂ ಹತ್ತಿರಹತ್ತಿರ ಹನ್ನೆರಡು ವಾರ ಕಾಯಬೇಕೆಂದು ನಿಮಗೂ ಗೊತ್ತು. ಅವಳು ಅಳಲಿಲ್ಲ, ಬೈಯಲಿಲ್ಲ. ಬುಟ್ಟಿ ಕೆಳಗಿಳಿಸಿದಳು, ಗೇಟಿನ ಎದುರೇ ಕೂತಳು, ಮೇಲಿನ ಬಾಲ್ಕನಿಗಳ ಕಡೆ ಮುಖ ಎತ್ತಿ, ಅತ್ತೆ ಕಲಿಸಿದ ಸ್ವರದಲ್ಲಿ, ಮೀನು ಬಂದಿದೆ ಎಂದು ಕೂಗಿದಳು.

ಮೊದಲು ಒಬ್ಬರು ಅಮ್ಮ ಇಳಿದು ಬಂದರು. ಮೀನಿನ ತಲೆ ಬೇಕೇ ಬೇಕು ಎನ್ನುವವರು. ಆಮೇಲೆ ಇನ್ನೊಬ್ಬರು. ಈಗ ದಿನಾ ಬೆಳಿಗ್ಗೆ ಗೇಟಿನ ಹೊರಗೆ ಸಂತೆ. ಎರಡೂ ಡೋಸ್ ಆದ ಥರ್ಮೋಕೋಲಿನವನು ಒಳಗೆ ಒಬ್ಬನೇ ಹಾರ್ನ್ ಹೊಡೆಯುತ್ತಾನೆ.

ಮೀನಿನ ತಲೆಯ ಅಮ್ಮನನ್ನೇ ಮಾತಿಗೆಳೆದು, ಬೋರ್ಡು ಹಾಕಿಸಿದ ಮಹಾಶಯರು ಯಾರು ಎಂದು ವಿಚಾರಿಸಿದೆ. ಅಸೋಸಿಯೇಶನ್ನಿನ ಅಧ್ಯಕ್ಷರಂತೆ, ಮೂವತ್ತೆಂಟು ವರ್ಷದವರು, ಮನೆಯಿಂದಲೇ ಕೆಲಸ. ಯಾವ ಆದ್ಯತೆಯ ಪಟ್ಟಿಯಲ್ಲೂ ಹೆಸರಿಲ್ಲದೆ ಅವರಿಗಿನ್ನೂ ಮೊದಲನೇ ಡೋಸೂ ಆಗಿಲ್ಲವಂತೆ.

ಹಾಗಾದರೆ ಅವರು ಯಾವ ಗೇಟಿನಿಂದ ಒಳಗೆ ಹೋಗುತ್ತಾರೆ?